ಇಳಿಬಿಸಿಲಿನ ಮನೆ: ಒಂದು ಜಪಾನೀ ಕಾದಂಬರಿಯಲ್ಲಿ ಹಾವು, ಹಾನಿ ಮತ್ತು ಅಪರಿಗ್ರಹ

ಪರಿಗ್ರಹದ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿ ಆಚಾರ್ಯರು ಹೊನ್ನು, ಮಣ್ಣು, ಮನೆಗಳ ಪಟ್ಟಿಯನ್ನು ಕೊಡದೆ ಮೂರ್ಛೆ ಎಂಬ ಒಂದು ಮಾತಿನಲ್ಲಿ ಅದನ್ನು ಹಿಡಿದಿಟ್ಟಿದ್ದಾರೆ. ಈ ಮಾತನ್ನು ನಾವು ಸಾಮಾನ್ಯವಾಗಿ ಉಳ್ಳವರಿಗೆ ಹೇಳುವ ಉಪದೇಶವೆಂದು ಭಾವಿಸುತ್ತೇವೆ. ಕಳೆದುಕೊಂಡವರಿಗೂ ಅದು ಅಷ್ಟೇ ಅನ್ವಯಿಸುತ್ತದೆ ಎಂಬುದು ಅಪರೂಪಕ್ಕೆ ನೆನಪಾಗುತ್ತದೆ. ಹೊಲ ಹೋಯಿತು, ಮನೆ ಹೋಯಿತು, ಬಿರುದು ಹೋಯಿತು. ಆದರೂ ಮೂರ್ಛೆ ತಿಳಿಯದಿದ್ದರೆ ಆ ಜೀವವನ್ನು ಅಪರಿಗ್ರಹಿ ಎನ್ನಬಹುದೆ? ಹಾಗಿದ್ದರೆ ಜಗತ್ತಿನ ದರಿದ್ರರೆಲ್ಲ ನಿರ್ಗ್ರಂಥರಾಗಬೇಕಿತ್ತು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಾನಿನ ಆಧುನಿಕ ಸಾಹಿತ್ಯದ ಒಂದು ಪ್ರಸಿದ್ಧ ಕಾದಂಬರಿಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಅದರ ಲೇಖಕನಿಗೆ ಜೈನಧರ್ಮದ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅವನು ಕಂಡ ಸಂಕಟವನ್ನು ಅಳೆಯಲು ನಮ್ಮ ಆಚಾರ್ಯರು ಕೊಟ್ಟ ಅಳತೆಗೋಲು ಆಶ್ಚರ್ಯವಾಗುವಷ್ಟು ಸರಿಹೊಂದುತ್ತದೆ.

ಆ ಕಾದಂಬರಿಯ ಹೆಸರು 'ಶಾಯೋ'. ಜಪಾನೀ ಭಾಷೆಯಲ್ಲಿ ಓರೆಯಾಗಿ ಬೀಳುವ ಸಂಜೆಯ ಬಿಸಿಲು ಎಂದರ್ಥ; ನಮ್ಮ ಇಳಿಬಿಸಿಲು ಎಂಬ ಮಾತು ಅದಕ್ಕೆ ಹತ್ತಿರ. ಬರೆದವನು ದಜಾಯ್ ಒಸಾಮು. 1947ರ ಜುಲೈನಿಂದ ಅಕ್ಟೋಬರ್‌ವರೆಗೆ 'ಶಿಂಚೋ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ಪುಸ್ತಕವಾಯಿತು. ಡೊನಾಲ್ಡ್ ಕೀನ್ ಅವರ ಇಂಗ್ಲಿಷ್ ಅನುವಾದ ಪ್ರಕಟವಾದದ್ದು 1956ರಲ್ಲಿ. ಈ ಕೃತಿಯ ಪ್ರಭಾವ ಎಷ್ಟಿತ್ತೆಂದರೆ, ಯುದ್ಧಾನಂತರ ಸಿರಿ ಕಳೆದುಕೊಂಡ ಕುಲೀನರನ್ನು ಕುರಿತು 'ಶಾಯೋಜೊಕು', ಅಂದರೆ ಇಳಿಬಿಸಿಲಿನ ಬಳಗ, ಎಂಬ ಹೊಸ ಪದವೇ ಆ ಭಾಷೆಯಲ್ಲಿ ಬಳಕೆಗೆ ಬಂದಿತು.

ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಜಪಾನಿನಲ್ಲಿ 1884ರಲ್ಲಿ ಐರೋಪ್ಯ ಮಾದರಿಯಲ್ಲಿ ಕುಲೀನರ ಶ್ರೇಣಿಗಳನ್ನು ಕಾನೂನಿನ ಮೂಲಕ ವ್ಯವಸ್ಥೆಗೊಳಿಸಲಾಗಿತ್ತು. 1945ರ ಸೋಲಿನ ನಂತರ ಎಲ್ಲವೂ ತಲೆಕೆಳಗಾಯಿತು. 1946ರಲ್ಲಿ ಬಂದ ಆಸ್ತಿ ತೆರಿಗೆಯ ಅತ್ಯುನ್ನತ ದರ ಶೇಕಡ 90. ಅದೇ ವರ್ಷ ಭೂಸುಧಾರಣೆಯ ಶಾಸನ ಬಂದು ಗೇಣಿದಾರರ ಕೈಗೆ ಭೂಮಿ ಹೋಗತೊಡಗಿತು. 1947ರ ಮೇ 3ರಂದು ಜಾರಿಗೆ ಬಂದ ಹೊಸ ಸಂವಿಧಾನದ 14ನೆಯ ವಿಧಿಯು ಕುಲೀನ ಪದವಿಗಳನ್ನು ಮಾನ್ಯಮಾಡಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯನ್ನು ಕಂಡ ನಮ್ಮ ನಾಡಿನ ಹಳೆಯ ಬೀಡು, ಗುತ್ತುಗಳ ಹಿರಿಯರಿಗೆ ಇಂತಹ ಪಲ್ಲಟ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಎರಡೂ ಕಡೆ ಉಳುವವನಿಗೆ ದೊರೆತದ್ದು ನ್ಯಾಯವೇ. ನ್ಯಾಯವಾದ ಮಾತ್ರಕ್ಕೆ ಕಳೆದುಕೊಂಡವರ ಒಳಗೆ ಏನು ನಡೆಯಿತು ಎಂಬ ಪ್ರಶ್ನೆ ಮುಗಿಯುವುದಿಲ್ಲ. ದಜಾಯ್‌ಗೆ ಬೇಕಾದದ್ದು ಆ ಒಳಗಿನ ಕಥೆ.

ಕಥೆ ಸರಳವಾದುದು. ಟೋಕಿಯೊ ನಗರದ ನಿಶಿಕಾತಾ ಬೀದಿಯಲ್ಲಿದ್ದ ದೊಡ್ಡ ಮನೆಯನ್ನು ಮಾರಿ, ವಿಧವೆಯಾದ ತಾಯಿ ಮತ್ತು ಗಂಡನನ್ನು ಬಿಟ್ಟು ಬಂದಿರುವ ಮಗಳು ಕಾಜುಕೊ ಇಜು ಪ್ರಾಂತದ ಹಳ್ಳಿಯೊಂದರ ಚಿಕ್ಕ ಬಂಗಲೆಗೆ ಬರುತ್ತಾರೆ. ವ್ಯವಹಾರವನ್ನೆಲ್ಲ ನೋಡಿಕೊಳ್ಳುವವನು ತಾಯಿಯ ತಮ್ಮ. ಯುದ್ಧಕ್ಕೆ ಹೋಗಿದ್ದ ಮಗ ನಾವೊಜಿ ದಕ್ಷಿಣದ ದ್ವೀಪಗಳಿಂದ ಅಫೀಮಿನ ದಾಸನಾಗಿ ಹಿಂದಿರುಗುತ್ತಾನೆ. ತಾಯಿ ಕ್ಷಯದಿಂದ ಸಾಯುತ್ತಾಳೆ. ಮಗ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಮಗಳು ಉಎಹಾರಾ ಎಂಬ ವಿವಾಹಿತ ಕಾದಂಬರಿಕಾರನಿಂದ ಗರ್ಭವತಿಯಾಗಿ, ಮಗುವನ್ನು ಒಬ್ಬಳೇ ಬೆಳೆಸುವ ನಿರ್ಧಾರ ಮಾಡುತ್ತಾಳೆ. ಅವಳ ಕೊನೆಯ ಪತ್ರದ ದಿನಾಂಕ 1947ರ ಫೆಬ್ರವರಿ 7. ಎಂದರೆ ಕಾನೂನಿನ ಪ್ರಕಾರ ಕುಲೀನ ಪದವಿ ರದ್ದಾಗಲು ಇನ್ನೂ ಸುಮಾರು ಮೂರು ತಿಂಗಳಿರುವಾಗಲೇ ಈ ಮನೆತನ ಮುಗಿದಿರುತ್ತದೆ. ಸರ್ಕಾರದ ಕಾಗದ ಬರುವ ಮೊದಲೇ ಮನೆ ಬಿದ್ದಿದೆ ಎಂಬುದು ಸಣ್ಣ ವಿವರವಲ್ಲ.

ಕಾದಂಬರಿಯ ಪ್ರಮುಖ ಸಂಕೇತ ಹಾವು. ಮೊದಲ ಅಧ್ಯಾಯದ ಪ್ರಸಂಗವನ್ನು ಜೈನ ಓದುಗನು ನಿರ್ಲಿಪ್ತನಾಗಿ ಓದಲಾರ. ಬೇಲಿಯ ಬಿದಿರಿನ ಪೊದೆಯಲ್ಲಿ ಹತ್ತರಷ್ಟು ಹಾವಿನ ಮೊಟ್ಟೆಗಳು ಸಿಕ್ಕವೆಂದು ಊರ ಮಕ್ಕಳು ಹೇಳುತ್ತಾರೆ. ಅವು ವಿಷಸರ್ಪದವೆಂದೇ ಕಾಜುಕೊ ನಂಬುತ್ತಾಳೆ. ಮರಿಗಳಾದರೆ ಅಂಗಳದಲ್ಲಿ ಓಡಾಡುವುದು ಹೇಗೆಂದು ಹೆದರಿ, ಬೆಂಕಿ ಹೊತ್ತಿಸಿ ಒಂದೊಂದಾಗಿ ಮೊಟ್ಟೆಗಳನ್ನು ಅದರಲ್ಲಿ ಇಡುತ್ತಾಳೆ. ಎಷ್ಟು ಸೊಪ್ಪುಸದೆ ಹಾಕಿದರೂ ಅವು ಸುಡುವುದಿಲ್ಲ. ನೆರೆಯ ಹುಡುಗಿ ಬಂದು ನೋಡಿ, ಗಾತ್ರದಿಂದ ಇವು ವಿಷದ ಹಾವಿನವಲ್ಲ, ಸಾಮಾನ್ಯ ಹಾವಿನವು, ಹಸಿ ಮೊಟ್ಟೆ ಹೀಗೆ ಸುಡುವುದೂ ಇಲ್ಲ ಎಂದು ನಗುತ್ತಾ ಹೋಗುತ್ತಾಳೆ. ಆಮೇಲೆ ಕಾಜುಕೊ ಅವುಗಳನ್ನು ಮಣ್ಣಿನಲ್ಲಿ ಹೂತು, ಗುರುತು ಮಾಡಿ, ಮಕ್ಕಳಿಂದಲೂ ಕೈಮುಗಿಸುತ್ತಾಳೆ. ಜಗಲಿಯಲ್ಲಿ ನಿಂತು ಇದನ್ನೆಲ್ಲ ನೋಡಿದ ತಾಯಿ, ಇದು ನಿರ್ದಯದ ಕೆಲಸವೆಂದು ಹೇಳಿ ಸುಮ್ಮನಾಗುತ್ತಾಳೆ. ಕೆಲವು ದಿನಗಳ ಮೇಲೆ ಅಂಗಳದಲ್ಲಿ ಒಂದು ಹಾವು ನಿಧಾನವಾಗಿ ಹರಿದಾಡುತ್ತದೆ. ಅದು ತನ್ನ ಮೊಟ್ಟೆಗಳನ್ನು ಹುಡುಕುತ್ತಿದೆಯೆಂದು ಮೊದಲು ಗುರುತಿಸಿ ಮರುಗುವವಳೂ ತಾಯಿಯೇ.

ಇಲ್ಲಿ ನಮ್ಮ ಓದುಗರಿಗೆ ಭಗವಾನ್ ಪಾರ್ಶ್ವನಾಥರ ಚರಿತ್ರೆಯ ಒಂದು ಘಟನೆ ನೆನಪಾಗದಿರಲಾರದು. ನಮ್ಮಲ್ಲಿ ಪ್ರಚಲಿತವಾಗಿರುವ ಕಥನದಲ್ಲಿ ಕಮಠನ ಜೀವವು ತಾಪಸನಾಗಿ ಪಂಚಾಗ್ನಿಯನ್ನು ಉರಿಸುತ್ತಿರುತ್ತದೆ. ಉರಿಯುವ ಕೊರಡಿನೊಳಗೆ ಸರ್ಪಯುಗಲವಿದೆ ಎಂಬುದು ತಾಪಸನಿಗೆ ತಿಳಿಯದು, ರಾಜಕುಮಾರ ಪಾರ್ಶ್ವನಿಗೆ ತಿಳಿದಿದೆ. ಕೊರಡನ್ನು ಸೀಳಿಸಿ, ಅರೆಬೆಂದ ಆ ಜೀವಗಳಿಗೆ ಅವನು ನಮಸ್ಕಾರ ಮಂತ್ರವನ್ನು ಕೇಳಿಸುತ್ತಾನೆ. ಅವೇ ಧರಣೇಂದ್ರ ಪದ್ಮಾವತಿಯರಾಗುತ್ತವೆ. ಎರಡು ಕಥೆಗಳಲ್ಲಿಯೂ ಬೆಂಕಿ ಇದೆ, ಹಾವಿದೆ, ನೋಡುವ ಒಂದು ಕಣ್ಣಿದೆ. ಆದರೆ ತಾಪಸನ ಹಿಂಸೆ ಅಜ್ಞಾನದ್ದು. ಕಾಜುಕೊಳ ಹಿಂಸೆ ಭಯದ್ದು. ಪಾರ್ಶ್ವಕುಮಾರನ ಕರುಣೆಗೆ ಕೈಗಳಿದ್ದವು. ಕಾದಂಬರಿಯ ತಾಯಿಯ ಕರುಣೆಗೆ ಕಣ್ಣಿದೆ, ಕೈಯಿಲ್ಲ. ಅವಳು ನೋಡುತ್ತಾಳೆ, ನೋಯುತ್ತಾಳೆ, ತಡೆಯುವುದಿಲ್ಲ. ಎಲ್ಲ ಕೆಲಸವನ್ನೂ ಬೇರೆಯವರು ಮಾಡುವುದನ್ನು ನೋಡುತ್ತಾ ಬೆಳೆದ ಕುಲೀನ ಜೀವನವು ಕರುಣೆಯನ್ನು ಕೂಡ ನೋಟವಾಗಿಯೇ ಉಳಿಸಿಬಿಡುತ್ತದೆ ಎಂಬ ಸತ್ಯವನ್ನು ದಜಾಯ್ ಒಂದು ಮಾತನ್ನೂ ಆಡದೆ ತೋರಿಸಿದ್ದಾನೆ.

ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲ ಮೂರರಲ್ಲಿ ಯತ್ನಾಚಾರವನ್ನೂ ಕಡೆಯದರಲ್ಲಿ ಸಂಪೂರ್ಣ ತ್ಯಾಗವನ್ನೂ ಶ್ರಾವಕನಿಗೆ ವಿಧಿಸಲಾಗಿದೆ. ಮೊಟ್ಟೆ ಸುಡುವ ಕಾಜುಕೊ ತನ್ನದು ವಿರೋಧಿ ಹಿಂಸೆಯೆಂದು, ಅಂದರೆ ಆತ್ಮರಕ್ಷಣೆಯೆಂದು, ಭಾವಿಸಿದ್ದಾಳೆ. ವಾಸ್ತವದಲ್ಲಿ ಅಲ್ಲಿ ವಿರೋಧಿಯೇ ಇಲ್ಲ. ಹಾವು ಬಂದಿಲ್ಲ, ಮರಿ ಹುಟ್ಟಿಲ್ಲ, ವಿಷವಿಲ್ಲ. ಇರುವುದು ಭಯ ಮಾತ್ರ. ಮನೆ, ಮಾನ, ಮುಂದಿನ ದಿನ ಎಲ್ಲವೂ ಕೈಜಾರುತ್ತಿರುವ ಹೆಣ್ಣೊಬ್ಬಳು ತನ್ನ ಕೈಗೆ ಸಿಕ್ಕ ಅತ್ಯಂತ ದುರ್ಬಲ ಜೀವಗಳ ಮೇಲೆ ಆ ಭಯವನ್ನು ಸುರಿಯುತ್ತಾಳೆ. ರಾಗಾದಿಗಳು ಒಳಗೆ ಹುಟ್ಟುವುದೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ್ದಾರೆ. ಆ ದೃಷ್ಟಿಯಲ್ಲಿ ಮೊಟ್ಟೆಗಳು ಸುಡಲಿಲ್ಲವೆಂಬುದು ಯಾವ ಸಮಾಧಾನವೂ ಅಲ್ಲ. ಬೆಂಕಿ ಹೊತ್ತಿದ ಕ್ಷಣಕ್ಕೆ ಹಿಂಸೆ ಆಗಿಹೋಗಿದೆ. ಕಾಜುಕೊಗೂ ಅದು ಗೊತ್ತು. ತನ್ನ ಎದೆಯೊಳಗೆ ವಿಕಾರವಾದ ಒಂದು ವಿಷಸರ್ಪ ವಾಸಮಾಡಿದೆಯೆಂದೂ, ಅದು ದುಃಖದಲ್ಲಿಯೂ ಸುಂದರವಾಗಿರುವ ತಾಯಿಹಾವನ್ನು ಒಂದು ದಿನ ನುಂಗಿಬಿಡುವುದೆಂದೂ ಅವಳಿಗೆ ಅನ್ನಿಸತೊಡಗುತ್ತದೆ. ಅಂಗಳದ ಹಾವು, ಒಳಮನೆಯ ತಾಯಿ, ಎದೆಯ ಹಾವು ಈ ಮೂರೂ ಒಂದೇ ಎಳೆಯಲ್ಲಿ ಪೋಣಿಸಲ್ಪಡುವುದು ಇಲ್ಲಿಂದ.

ಹಾವು ಮೊದಲು ಕಾಣಿಸಿದ್ದು ಇಜುವಿನಲ್ಲಿ ಅಲ್ಲ. ತಂದೆಯ ಮರಣಶಯ್ಯೆಯ ಬಳಿ ಬಿದ್ದಿದ್ದ ಕಪ್ಪು ದಾರವೊಂದು ಹಾವಾಗಿತ್ತು; ಅಂದು ಸಂಜೆ ತೋಟದ ಕೊಳದ ಸುತ್ತಲ ಮರಗಳಲ್ಲೆಲ್ಲ ಹಾವುಗಳು ಸುತ್ತಿಕೊಂಡಿದ್ದವು ಎಂದು ಕಾಜುಕೊ ನೆನೆಯುತ್ತಾಳೆ. ಮುಂದೆ ತಾಯಿ ಹಾಸಿಗೆ ಹಿಡಿದಾಗ, ಕನಸಿನಲ್ಲಿ ಹಾವನ್ನು ಕಂಡೆನೆಂದು ಹೇಳಿ ಮೆಟ್ಟಿಲ ಕಲ್ಲಿನ ಮೇಲೆ ನೋಡೆಂದು ಮಗಳನ್ನು ಕಳುಹಿಸುತ್ತಾಳೆ. ಹಾವು ಅಲ್ಲಿರುತ್ತದೆ. ಅದು ಮೊಟ್ಟೆ ಕಳೆದುಕೊಂಡ ಹಾವೇ ಎಂದು ಕಾಜುಕೊ ನಂಬಿ, ನಿನ್ನ ಸೇಡು ತೀರಿತಲ್ಲ, ಇನ್ನು ಹೋಗು ಎಂಬಂತೆ ಮನಸ್ಸಿನಲ್ಲಿಯೇ ಬೇಡಿಕೊಳ್ಳುತ್ತಾಳೆ. ಹಾವು ಸೇಡು ತೀರಿಸುತ್ತದೆ ಎಂಬ ಜನಪದ ನಂಬಿಕೆಯನ್ನು ನಾವು ಒಪ್ಪಬೇಕಾಗಿಲ್ಲ. ಕರ್ಮವು ಮಾಡಿದವನಿಗೇ ಅಂಟುವುದಲ್ಲದೆ, ಮಗಳು ಮಾಡಿದ್ದಕ್ಕೆ ತಾಯಿ ಸಾಯುವುದು ಜೈನ ಕರ್ಮಸಿದ್ಧಾಂತಕ್ಕೆ ಸಮ್ಮತವಲ್ಲ. ಆದರೆ ಕಾದಂಬರಿಕಾರನೂ ಅದನ್ನು ಘಟನೆಯ ಕಾರಣವೆಂದು ಹೇಳಿಲ್ಲ. ವೈದ್ಯರು ಹೇಳುವುದು ಕ್ಷಯವೆಂದೇ. ಹಾವನ್ನು ಕಾಣುತ್ತಿರುವುದು ಪಶ್ಚಾತ್ತಾಪದ ಕಣ್ಣು. ಆಲೋಚನೆ, ಪ್ರತಿಕ್ರಮಣಗಳ ಮಾರ್ಗ ತಿಳಿಯದ ಪಶ್ಚಾತ್ತಾಪ ಹೀಗೆ ಹಾವಾಗಿ ಮೆಟ್ಟಿಲ ಮೇಲೆ ಬಂದು ಮಲಗುತ್ತದೆ.

ಇದೇ ಸಂದರ್ಭದಲ್ಲಿ ಬೆಂಕಿಯ ಇನ್ನೊಂದು ಪ್ರಸಂಗವನ್ನು ಹೇಳಬೇಕು. ಮೊಟ್ಟೆಯ ಘಟನೆಯಾಗಿ ಕೆಲವೇ ದಿನಗಳಲ್ಲಿ, ಸ್ನಾನದ ಒಲೆಯಿಂದ ತೆಗೆದ ಕೊಳ್ಳಿಗಳನ್ನು ಪೂರ್ತಿ ಆರಿಸದೆ ಕಾಜುಕೊ ಸೌದೆಯ ರಾಶಿಯ ಬಳಿ ಬಿಟ್ಟು ಮಲಗಿಬಿಡುತ್ತಾಳೆ. ನಡುರಾತ್ರಿ ಬೆಂಕಿ ಏಳುತ್ತದೆ. ಊರವರು ಓಡಿಬಂದು ಆರಿಸುತ್ತಾರೆ. ಮರುದಿನ ಮನೆಮನೆಗೂ ಹೋಗಿ ಕ್ಷಮೆ ಕೇಳುವಾಗ ಎಲ್ಲರೂ ಸೌಜನ್ಯ ತೋರಿದರೂ ನೆರೆಮನೆಯ ಹೆಂಗಸೊಬ್ಬಳು ಮಾತ್ರ ನೇರವಾಗಿ ಗದರುತ್ತಾಳೆ: ನಿಮ್ಮದು ಮಕ್ಕಳ ಮನೆಯಾಟದಂತಹ ಸಂಸಾರ, ನಿಮ್ಮಿಂದ ಇಡೀ ಹಳ್ಳಿ ಸುಡುತ್ತಿತ್ತು ಎಂಬುದು ಅವಳ ಮಾತಿನ ಸಾರ. ಇದು ಪ್ರಮಾದಚರ್ಯೆ. ಅನರ್ಥದಂಡವ್ರತದಲ್ಲಿ ನಮ್ಮ ಹಿರಿಯರು ನೀರು ಚೆಲ್ಲುವುದನ್ನೂ ಬೆಂಕಿ ಉರಿಸುವುದನ್ನೂ ಏಕೆ ಎಣಿಸಿದರೆಂದು ಕೇಳುವ ತರುಣರಿಗೆ ಈ ಅಧ್ಯಾಯವನ್ನು ಓದಲು ಕೊಡಬಹುದು. ಮೊದಲನೆಯ ಬೆಂಕಿ ಭಯದಿಂದ ಹೊತ್ತಿತು, ಎರಡನೆಯದು ಅಜಾಗ್ರತೆಯಿಂದ. ಆ ಬೈಗುಳ ಕೇಳಿದ ಮರುದಿನದಿಂದ ಕಾಜುಕೊ ಹೊಲದ ಕೆಲಸಕ್ಕೆ ಇಳಿಯುತ್ತಾಳೆಂಬುದನ್ನೂ ಹೇಳಬೇಕು. ಈ ಮನೆತನದಲ್ಲಿ ಬದುಕುಳಿಯುವವಳು ಮೈಬಗ್ಗಿಸಿ ದುಡಿದ ಅವಳೊಬ್ಬಳೇ.

ಈಗ ಮೂವರ ವಿಷಯ. ಸಂಪತ್ತು ಹೋದುದನ್ನು ಮೂವರೂ ಮೂರು ಬಗೆಯಲ್ಲಿ ಎದುರಿಸುತ್ತಾರೆ.

ತಾಯಿಯನ್ನು ದಜಾಯ್ ಅಪಾರ ಗೌರವದಿಂದ ಚಿತ್ರಿಸಿದ್ದಾನೆ. ಕಾದಂಬರಿ ಆರಂಭವಾಗುವುದೇ ಅವಳು ಸಾರು ಕುಡಿಯುವ ರೀತಿಯಿಂದ. ಪುಸ್ತಕದಲ್ಲಿ ಹೇಳಿದ ಶಿಷ್ಟಾಚಾರದಂತೆ ಅವಳು ಚಮಚ ಹಿಡಿಯುವುದಿಲ್ಲ. ಆದರೂ ಅವಳು ಕುಡಿಯುವ ರೀತಿಯೇ ಸಹಜ, ಸುಂದರ. ಪದವಿ ಇದ್ದವರೆಲ್ಲ ಕುಲೀನರಲ್ಲ, ತಮ್ಮ ಮನೆಯಲ್ಲಿ ನಿಜವಾದ ಕುಲೀನಳು ತಾಯಿಯೊಬ್ಬಳೇ ಎಂಬುದು ಮಗನ ಅಭಿಪ್ರಾಯ. ಕೈಯಲ್ಲಿ ಹಣವಿಲ್ಲ, ಮಗಳನ್ನು ಮದುವೆ ಮಾಡಿಕೊಡು ಅಥವಾ ಯಾವುದಾದರೂ ದೊಡ್ಡಮನೆಯಲ್ಲಿ ಕೆಲಸಕ್ಕೆ ಸೇರಿಸು ಎಂದು ತಮ್ಮ ಸೂಚಿಸಿದಾಗ, ಅವಳು ಜೀವನದಲ್ಲಿ ಮೊದಲ ಬಾರಿಗೆ ಅವನ ಮಾತನ್ನು ನಿರಾಕರಿಸುತ್ತಾಳೆ. ಉಟ್ಟ ಬಟ್ಟೆಗಳನ್ನು ಒಂದೊಂದಾಗಿ ಮಾರಿ ಬದುಕೋಣ ಎನ್ನುತ್ತಾಳೆ. ಬಟ್ಟೆ ಮಾರುವಾಗ ಅವಳ ಮುಖದಲ್ಲಿ ನೋವಿನ ಗೆರೆಯಿಲ್ಲ. ಇಲ್ಲಿ ಮೂರ್ಛೆ ಬಹಳಮಟ್ಟಿಗೆ ಇಳಿದಿದೆ. ಹಾಗೆಂದು ಅವಳನ್ನು ಸಾಧ್ವಿಯೆಂದು ಕರೆಯುವ ಉತ್ಸಾಹವನ್ನು ನಾನು ತೋರಲಾರೆ. ಟೋಕಿಯೊ ಮನೆಯನ್ನು ಬಿಡುವ ಹಿಂದಿನ ರಾತ್ರಿ, ಮಗಳು ಜೊತೆಗಿರುವುದರಿಂದ ಮಾತ್ರ ಹೊರಟಿದ್ದೇನೆ, ಇಲ್ಲವಾದರೆ ಸಾಯುವುದೇ ಲೇಸು ಎಂದು ಅವಳು ಅತ್ತಿದ್ದಾಳೆ. ಬಿಡುವುದಕ್ಕೂ ಕಸಿಯಲ್ಪಡುವುದಕ್ಕೂ ಇರುವ ಅಂತರ ಆ ಕಣ್ಣೀರಿನಲ್ಲಿದೆ. ನೀಲಾಂಜನೆಯ ನರ್ತನದ ನಡುವೆ ಅವಳ ಆಯುಷ್ಯ ಮುಗಿದುದನ್ನು ಕಂಡ ಆದಿದೇವನು ತುಂಬಿದ ಆಸ್ಥಾನದಿಂದ ಎದ್ದುಹೋದನು. ಯಾರೂ ಅವನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಈ ತಾಯಿ ಹೋಗುವುದು ಮಾರಾಟವಾದ ಮನೆಯಿಂದ. ಅವಳ ಹಿರಿಮೆ ತ್ಯಾಗದ್ದಲ್ಲ, ಕ್ಷಮೆಯದು. ಬೆಂಕಿ ಹಚ್ಚಿದ ಮಗಳನ್ನೂ ದುಶ್ಚಟದ ಮಗನನ್ನೂ ಅವಳು ಒಮ್ಮೆಯೂ ದೂರುವುದಿಲ್ಲ. ಸತ್ತ ಆ ಮುಖವನ್ನು ಮಗಳು ಕ್ರಿಸ್ತನ ಶವವನ್ನು ಮಡಿಲಲ್ಲಿಟ್ಟುಕೊಂಡ ಮರಿಯಮ್ಮನ ಮುಖಕ್ಕೆ ಹೋಲಿಸುತ್ತಾಳೆ.

ನಾವೊಜಿಯ ದುರಂತ ಇದಕ್ಕಿಂತ ಗಹನವಾದುದು, ಮತ್ತು ನಮ್ಮ ಸಮಾಜದ ಹಳೆಯ ಮನೆತನಗಳು, ಧರ್ಮದರ್ಶಿಗಳು ನಿಂತು ಯೋಚಿಸಬೇಕಾದುದು. ಅವನು ಕುಲೀನತೆಯನ್ನು ದ್ವೇಷಿಸುತ್ತಾನೆ. ಸಾಮಾನ್ಯ ಜನರೊಡನೆ ಬೆರೆಯಬೇಕೆಂದು ಒರಟು ಮಾತು ಕಲಿಯುತ್ತಾನೆ, ಕುಡಿಯುತ್ತಾನೆ, ಅಫೀಮು ಸೇವಿಸುತ್ತಾನೆ, ಸಾಲ ಮಾಡುತ್ತಾನೆ. ಆ ಸಾಲ ತೀರಿಸಲು ಅಕ್ಕ ತನ್ನ ಒಡವೆ, ಉಡುಪುಗಳನ್ನು ಮಾರುತ್ತಾಳೆ. ಇಷ್ಟಾದರೂ ಜನ ಅವನನ್ನು ತಮ್ಮವನೆಂದು ಒಪ್ಪುವುದಿಲ್ಲ. ಹಿಂದಿರುಗಲು ಹಳೆಯ ಮನೆಯೂ ಇಲ್ಲ. ಕೊನೆಯ ಪತ್ರದಲ್ಲಿ ಅವನು ಅಕ್ಕನನ್ನು ಕೇಳುವ ವಸ್ತು ಒಂದೇ: ತಾಯಿಯ ನೆನಪಿಗಾಗಿ ಉಳಿದ, ತನಗಾಗಿ ಹೊಲಿಸಿಕೊಟ್ಟ ನಾರುಬಟ್ಟೆಯ ನಿಲುವಂಗಿಯನ್ನು ಶವಪೆಟ್ಟಿಗೆಯಲ್ಲಿಡಬೇಕು. ಎಲ್ಲವನ್ನೂ ತೊರೆದೆನೆಂದುಕೊಂಡವನ ಪತ್ರದ ಮುಕ್ತಾಯ ಮಾತ್ರ, ತಾನು ಕುಲೀನನೇ ಎಂಬ ಘೋಷಣೆ.

ಬಾಹುಬಲಿಸ್ವಾಮಿಯ ಕಥೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಗೆದ್ದ ರಾಜ್ಯವನ್ನು ಬಿಟ್ಟು, ಹುತ್ತ ಬಳ್ಳಿಗಳು ಮೈಗೇರುವವರೆಗೆ ನಿಂತರೂ, ತಾನು ನಿಂತಿರುವುದು ಭರತನ ನೆಲವೆಂಬ ಒಂದು ಶಲ್ಯ ಉಳಿದದ್ದರಿಂದ ಕೇವಲಜ್ಞಾನ ತಡೆಯಿತೆಂದು ನಾವು ಕೇಳುತ್ತಾ ಬಂದಿದ್ದೇವೆ. ಅಂತಹ ಮಹಾತಪಸ್ವಿಯನ್ನೇ ಒಂದು ಶಲ್ಯ ಅಷ್ಟುಕಾಲ ನಿಲ್ಲಿಸಿದ ಮೇಲೆ, ತಪಸ್ಸಿಲ್ಲದ ನಾವೊಜಿ ಏನು ಮಾಡಿಯಾನು? ಭೂಮಿಯನ್ನು ಕಾನೂನು ತೆಗೆದುಕೊಳ್ಳಬಹುದು, ಮಾನಕಷಾಯವನ್ನು ಯಾವ ಕಾನೂನೂ ತೆಗೆದುಕೊಳ್ಳಲಾರದು. ಗೇಣಿ ಬರುವುದು ನಿಂತು ಎರಡು ತಲೆಮಾರು ಕಳೆದಿದ್ದರೂ ಬಸದಿಯ ಮೊದಲ ಕಲಶ ಯಾರ ಮನೆಯದು, ಪ್ರಸಾದ ಯಾರ ಕೈಗೆ ಮೊದಲು ಎಂಬ ವಿಷಯದಲ್ಲಿ ನಮ್ಮೊಳಗೆ ಎಷ್ಟು ಮನಸ್ತಾಪಗಳಿವೆ! ಬಸದಿಯ ಚಾವಣಿ ಸೋರುತ್ತಿದ್ದರೂ ಮರ್ಯಾದೆಯ ಕ್ರಮದ ಚರ್ಚೆ ಮುಗಿಯದ ಸಭೆಗಳನ್ನು ಓದುಗರೂ ಕಂಡಿರಬಹುದು. ನಾವೊಜಿಯನ್ನು ದೂರದ ದೇಶದ ವ್ಯಸನಿಯೆಂದು ಬದಿಗಿಡುವ ಮೊದಲು ಅವನ ಕೊನೆಯ ವಾಕ್ಯವನ್ನು ನಮ್ಮ ಭಾಷೆಯಲ್ಲಿ ಒಮ್ಮೆ ಹೇಳಿಕೊಂಡು ನೋಡಬೇಕು.

ಅವನ ಮರಣದ ಬಗೆಗೆ ಒಂದು ಸ್ಪಷ್ಟನೆ ಅವಶ್ಯ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ಪರಿಗಣಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿತು. ಆ ದಿನಗಳಲ್ಲಿ ನಾವು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯ ವಿವೇಚನೆಯನ್ನು ಮತ್ತೆ ಮತ್ತೆ ನೆನೆದೆವು: ರಾಗ, ದ್ವೇಷ, ಮೋಹಗಳಿಂದ ಪ್ರೇರಿತನಾಗಿ ವಿಷ, ಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವುದು ಆತ್ಮಘಾತ, ಸಲ್ಲೇಖನದಲ್ಲಿ ಆ ರಾಗಾದಿಗಳೇ ಇಲ್ಲ. ಈ ವ್ಯತ್ಯಾಸ ಶಬ್ದಜಾಲವೆಂದು ಭಾವಿಸುವವರು ನಾವೊಜಿಯ ಪತ್ರವನ್ನು ಓದಬೇಕು. ಅಲ್ಲಿ ರಾಗವಿದೆ: ಚಿತ್ರಕಾರನ ಹೆಂಡತಿಯೆಂದು ಮರೆಮಾಚಿ ಹೇಳಿಕೊಳ್ಳುವ ಪ್ರೇಮ. ದ್ವೇಷವಿದೆ: ತನ್ನನ್ನು ಒಳಗೆ ಬಿಟ್ಟುಕೊಳ್ಳದ ಜಗತ್ತಿನ ಮೇಲೆ. ಮೋಹವಿದೆ: ಕುಲದ ಮೇಲೆ. ಅಕ್ಕ ಮನೆಯಲ್ಲಿಲ್ಲದ ರಾತ್ರಿಯನ್ನು ಆರಿಸಿ, ಯಾರಿಗೂ ತಿಳಿಸದೆ, ಯಾರ ಅನುಮತಿಯನ್ನೂ ಕೇಳದೆ ಅವನು ಸಾಯುತ್ತಾನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ ಕ್ರಮವಾದರೋ ಸ್ನೇಹ, ವೈರ, ಸಂಗಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆ ಬೇಡುವುದರಿಂದ ಮೊದಲಾಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸಾಧ್ಯವಿಲ್ಲ. ನಾವೊಜಿಯ ಬಗೆಗೆ ನಮಗೆ ಅನುಕಂಪವಿರಲಿ. ಇಂತಹ ತರುಣರು ನಮ್ಮ ಮನೆಗಳಲ್ಲಿದ್ದರೆ ಅವರ ಬಳಿ ಕುಳಿತು ಮಾತನಾಡುವ ವ್ಯವಧಾನವೂ ಇರಲಿ.

ಲೇಖಕನ ಜೀವನವನ್ನು ಕೃತಿಯೊಡನೆ ಬೆರೆಸುವುದು ವಿಮರ್ಶೆಗೆ ಸಲ್ಲದೆಂಬ ಮಾತಿದೆ. ಆದರೆ ಇಲ್ಲಿ ಸ್ವಲ್ಪ ಹೇಳಲೇಬೇಕು. 1909ರಲ್ಲಿ ಜಪಾನಿನ ಉತ್ತರದ ಕಾನಾಗಿಯಲ್ಲಿ ಹುಟ್ಟಿದ ದಜಾಯ್‌ನ ನಿಜನಾಮ ತ್ಸುಶಿಮಾ ಶೂಜಿ. ಕುಟುಂಬ ದೊಡ್ಡ ಜಮೀನುದಾರರದು. ತಂದೆ ಹೆಚ್ಚಿನ ತೆರಿಗೆದಾರನೆಂಬ ನೆಲೆಯಲ್ಲಿ ಕುಲೀನರ ಸಭೆಯ ಸದಸ್ಯನಾಗಿದ್ದವನು. ಹೀಗಾಗಿ ಲೇಖಕನು ಕುಲೀನರನ್ನು ಹತ್ತಿರದಿಂದ ನೋಡಿದವನು, ಆದರೆ ಅವರಲ್ಲೊಬ್ಬನಲ್ಲ. ಈ ಕಾದಂಬರಿಯ ಹೆಂಗಸರು ಆಡುವ ಮಾತು ಕುಲೀನರ ಮಾತಿನಂತಿಲ್ಲವೆಂದು ಹಿರಿಯ ಲೇಖಕ ಶಿಗಾ ನಾವೊಯಾ ಆಕ್ಷೇಪಿಸಿದ್ದರು. ದಜಾಯ್ ಅದಕ್ಕೆ ಕೋಪದಿಂದ ಉತ್ತರಿಸಿದ. 1907ರಲ್ಲಿ ತಂದೆ ಕಟ್ಟಿಸಿದ ಕಾನಾಗಿಯ ಭವ್ಯ ಮನೆಯನ್ನು ಯುದ್ಧದ ನಂತರ ಕುಟುಂಬ ಮಾರಬೇಕಾಯಿತು. ಅದು 1950ರಲ್ಲಿ 'ಶಾಯೋಕಾನ್' ಎಂಬ ಹೆಸರಿನ ವಸತಿಗೃಹವಾಗಿ, ಈಗ ಸ್ಮಾರಕ ಸಂಗ್ರಹಾಲಯವಾಗಿದೆ. ಮನೆತನದ ಇಳಿತವನ್ನು ಕುರಿತ ಪುಸ್ತಕದ ಹೆಸರೇ ಆ ಮನೆಯನ್ನು ಉಳಿಸಿದ್ದು ಒಂದು ವಿಪರ್ಯಾಸ.

ಇನ್ನೂ ಒಂದು ವಿಷಯ ಅಹಿತಕರವಾದುದು. ಕಾದಂಬರಿಯ ಬಹುಭಾಗಕ್ಕೆ ಆಧಾರ ಓಟಾ ಶಿಜುಕೊ ಎಂಬ ಲೇಖಕಿಯ ದಿನಚರಿ. ವಿವಾಹಿತನಾಗಿದ್ದ ದಜಾಯ್‌ನಿಂದ ಅವಳಿಗೆ 1947ರ ನವೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. 1948ರ ಜೂನ್ 13ರಂದು ದಜಾಯ್ ಬೇರೊಬ್ಬ ಸ್ತ್ರೀಯೊಡನೆ ಟೋಕಿಯೊ ಬಳಿಯ ತಮಾಗಾವಾ ಕಾಲುವೆಗೆ ಬಿದ್ದು ಸತ್ತನು. ದೇಹಗಳು ದೊರೆತದ್ದು ಅವನ ಹುಟ್ಟುಹಬ್ಬವಾದ ಜೂನ್ 19ರಂದು. ಶಿಜುಕೊ ತನ್ನ ದಿನಚರಿಯನ್ನು ಅದೇ ವರ್ಷ ಪ್ರಕಟಿಸಿದಳು. ಕೊಟ್ಟದ್ದನ್ನು ಬಳಸುವುದು ಚೌರ್ಯವಲ್ಲ, ನಿಜ. ಆದರೂ ಕೊಟ್ಟವಳಿಗೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಅಚೌರ್ಯಾಣುವ್ರತವನ್ನು ಹೊತ್ತವರು ಕೇಳದೆ ಇರಲಾರರು. ಕೃತಿ ಶ್ರೇಷ್ಠವಾದುದರಿಂದ ಈ ಋಣ ತೀರಿತೆಂದು ವಾದಿಸುವ ವಿಮರ್ಶಕರೊಡನೆ ನಾನು ಸಹಮತನಲ್ಲ.

ಕಾಜುಕೊಳ ಮಾರ್ಗವನ್ನು ಕೊನೆಗೆ ಇಟ್ಟುಕೊಂಡದ್ದು, ಜೈನ ಓದುಗನಿಗೆ ಅದೇ ಅತ್ಯಂತ ಕಷ್ಟದ್ದಾದುದರಿಂದ. ರೋಸಾ ಲಕ್ಸೆಂಬರ್ಗಳ ಅರ್ಥಶಾಸ್ತ್ರದ ಪುಸ್ತಕವನ್ನು ಓದುತ್ತಾ ಅವಳು ಅರ್ಥಶಾಸ್ತ್ರವನ್ನು ಬಿಟ್ಟು, ಹಳೆಯದನ್ನು ಒಡೆಯುವ ಧೈರ್ಯವೊಂದನ್ನೇ ಅಲ್ಲಿಂದ ಎತ್ತಿಕೊಳ್ಳುತ್ತಾಳೆ. ಆ ಧೈರ್ಯವನ್ನು ಪ್ರಯೋಗಿಸುವುದು ಹೆಂಡತಿ ಮಕ್ಕಳಿರುವ, ಕುಡಿತದಲ್ಲಿ ಮುಳುಗಿರುವ ಉಎಹಾರಾನ ಮೇಲೆ. ಅವನಿಗೆ ಬರೆಯುವ ಮೂರು ಪತ್ರಗಳು ದೀರ್ಘವಾಗಿವೆ. ಟೋಕಿಯೊದ ಕುಡುಕರ ಮೇಳದ ದೃಶ್ಯ ಇನ್ನೂ ದೀರ್ಘ. ಕಾದಂಬರಿಯ ಬಿಗಿ ಸಡಿಲವಾಗುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಹುಟ್ಟಲಿರುವ ಮಗುವಿನೊಡನೆ ಹಳೆಯ ನೀತಿಯ ವಿರುದ್ಧ ನಿಲ್ಲುವುದು ತನ್ನ ಕ್ರಾಂತಿಯೆಂದು ಅವಳು ಬರೆಯುತ್ತಾಳೆ. ಹೊಟ್ಟೆಯಲ್ಲಿರುವ ಜೀವವನ್ನು ಅವಳು ಕಾಪಾಡಿಕೊಳ್ಳುತ್ತಾಳೆಂಬುದು, ಮೊಟ್ಟೆ ಸುಟ್ಟ ಕೈಗಳನ್ನು ನೆನೆದರೆ, ಬಹಳ ದೊಡ್ಡ ತಿರುವು. ಸಾಯಲು ಹಾದಿಯಿದ್ದಾಗಲೂ ಅವಳು ಬದುಕನ್ನು ಆರಿಸುತ್ತಾಳೆ, ದುಡಿಯಲು ಸಿದ್ಧಳಾಗಿದ್ದಾಳೆ. ಇಷ್ಟನ್ನು ಒಪ್ಪಿ, ಸ್ವದಾರಸಂತೋಷ ವ್ರತವನ್ನು ನಂಬಿದ ನಾವು ಇನ್ನೊಂದನ್ನು ಕೇಳಬೇಕಾಗುತ್ತದೆ. ಈ ಕ್ರಾಂತಿಯ ಬೆಲೆಯನ್ನು ಯಾರು ತೆರುತ್ತಾರೆ?

ಉತ್ತರವನ್ನು ದಜಾಯ್ ಅಡಗಿಸಿಟ್ಟಿಲ್ಲ, ಅದೇ ಅವನ ಪ್ರಾಮಾಣಿಕತೆ. ಕಾಜುಕೊ ಮೊದಲು ಉಎಹಾರಾನ ಮನೆ ಹುಡುಕಿಕೊಂಡು ಹೋದಾಗ ಬಾಗಿಲಲ್ಲಿ ಅವಳ ಪಾದರಕ್ಷೆಯ ಪಟ್ಟಿ ಕಿತ್ತುಹೋಗುತ್ತದೆ. ಗಂಡ ಮನೆಯಲ್ಲಿಲ್ಲ. ಮನೆಯ ವಿದ್ಯುದ್ದೀಪಗಳು ಕೆಟ್ಟಿವೆ, ಹೊಸದು ಕೊಳ್ಳಲು ಹಣವಿಲ್ಲ, ತಾಯಿ ಮಗಳು ಕತ್ತಲಾದೊಡನೆ ಮಲಗಿಬಿಡುತ್ತಾರೆ. ಆ ಹೆಂಡತಿ ಮೇಣದ ಬತ್ತಿ ಹಚ್ಚಿ ಬೆಳಕು ಹಿಡಿದು, ಪಟ್ಟಿ ಸರಿಮಾಡಿಕೊಳ್ಳಲು ಚರ್ಮದ ದಾರವನ್ನೂ ಕೊಟ್ಟು, ಗಂಡ ಎಲ್ಲಿ ಸಿಗಬಹುದೆಂದು ದಾರಿ ಹೇಳಿ ಕಳುಹಿಸುತ್ತಾಳೆ. ಇಡೀ ಕಾದಂಬರಿಯಲ್ಲಿ ಕೈಗಳಿರುವ ಕರುಣೆ ಕಾಣುವುದು ಇಲ್ಲಿ ಮಾತ್ರ, ಅದೂ ಕುಲವಿಲ್ಲದ, ಕಾಸಿಲ್ಲದ ಒಂದು ಮನೆಯ ಬಾಗಿಲಲ್ಲಿ. ನಾವೊಜಿ ಗುಟ್ಟಾಗಿ ಪ್ರೀತಿಸಿದ್ದೂ ಇವಳನ್ನೇ ಎಂಬುದು ಮುಂದೆ ತಿಳಿಯುತ್ತದೆ.

ಕೊನೆಯ ಪತ್ರದಲ್ಲಿ ಕಾಜುಕೊ ಉಎಹಾರಾನನ್ನು ಒಂದು ವಿಷಯ ಕೇಳಿಕೊಳ್ಳುತ್ತಾಳೆ. ಮಗು ಹುಟ್ಟಿದ ಮೇಲೆ ಅವನ ಹೆಂಡತಿ ಅದನ್ನು ಒಮ್ಮೆ ಎತ್ತಿಕೊಳ್ಳಬೇಕು. ಇದು ನಾವೊಜಿಗೆ ಯಾರೋ ಒಬ್ಬಳಲ್ಲಿ ಗುಟ್ಟಾಗಿ ಹುಟ್ಟಿದ ಕೂಸೆಂದು ತಾನು ಹೇಳುವೆನು. ಸತ್ತ ತಮ್ಮನಿಗಾಗಿ ಮಾಡುವ ಈ ಸಣ್ಣ ಸುಳ್ಳು ಓದುಗನ ಕಣ್ಣನ್ನು ತೇವಗೊಳಿಸುತ್ತದೆ. ಆದರೆ ಅಂದು ರಾತ್ರಿ ಬತ್ತಿ ಹಿಡಿದು ನಿಂತ ಹೆಣ್ಣಿಗೆ ಯಾರೂ ಪತ್ರ ಬರೆದಿಲ್ಲ. ಅವಳು ಆ ಕೂಸನ್ನು ಎತ್ತಿಕೊಂಡಳೇ, ಎತ್ತಿಕೊಳ್ಳುವಾಗ ಮುಖದಲ್ಲಿ ಉಎಹಾರಾನ ಹೋಲಿಕೆಯನ್ನು ಕಂಡಳೇ ಎಂಬುದನ್ನು ಕಾದಂಬರಿ ಹೇಳುವುದಿಲ್ಲ. ಪತ್ರ ಮುಗಿದಲ್ಲಿ ಪುಸ್ತಕ ಮುಗಿಯುತ್ತದೆ.